ಹಸಿರಿನಲ್ಲಿ ನಿಂತ ಮುಳ್ಳು

“ಇದನ್ನ ಕಸದ ಬುಟ್ಟಿ ಪಕ್ಕ ಇಟ್ಟೋರು ಯಾರು?”

ಮೇಷ್ಟ್ರ ಹೆಂಡತಿ ತೀರಿಹೋದ ಗಂಡನ ಸಾಮಾನಿದ್ದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದರು. ಒಳಗಿದ್ದ ಲೋಟ, ಪೆನ್ನಿನ ಡಬ್ಬಿ, ಮಡಿಸಿದ ಸ್ವೆಟರು ಒಮ್ಮೆಲೇ ಎಗರಿ ಬಿದ್ದವು. ಗಾಜಿನ ಗೋಡೆಯಾಚೆ ಕೂತಿದ್ದ ನೌಕರರು ತಮ್ಮ ತಮ್ಮ ಪರದೆಗಳಲ್ಲಿ ಮುಖ ಹುದುಗಿಸಿಕೊಂಡರು.

ಇನ್ಸ್‌ಪೆಕ್ಟರ್ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಠಾಣೆಯಲ್ಲಿ ಅವಳಿಗೆ ಕೆಂಡ ಎಂದು ಹೆಸರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆಂದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಷೇರುಪೇಟೆ ನೆಲಕಚ್ಚಿದ ಮರುದಿನ ಬೆಳಿಗ್ಗೆ ಈ ಪಿಂಚಣಿ ನಿಧಿಯ ಕಚೇರಿಯಲ್ಲಿ, ತುರ್ತು ಮೆಟ್ಟಿಲುಗಳ ಬುಡದಲ್ಲಿ ಮೇಷ್ಟ್ರ ಹೆಣ ಸಿಕ್ಕಿತ್ತು. ಪೇಟೆಯ ಅಪಾಯ ಅಳೆಯುವ ಕೆಲಸದವನೇ ಅಪಾಯ ಕಾಣದೆ ಹೋದ ನಾಚಿಕೆಗೆ ಹಾರಿಕೊಂಡ ಎಂದು ಪತ್ರಿಕೆಗಳು ಬರೆದವು. ಕೆಂಡಳ ಮೇಲಧಿಕಾರಿಯೂ ಅದನ್ನೇ ಬರೆದು ಕೈತೊಳೆದುಕೊಂಡಿದ್ದರು. ಒಂದು ಪತ್ರಿಕೆಯಂತೂ ‘ಕುರುಡು ಕಾವಲುಗಾರ’ ಎಂದು ದಪ್ಪಕ್ಷರದಲ್ಲಿ ಹಾಕಿತ್ತು. ಆ ಪತ್ರಿಕೆಯನ್ನು ಹಿಡಿದುಕೊಂಡೇ ಈ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದ್ದರು, ಅದನ್ನು ಕೆಂಡಳ ಮೇಜಿನ ಮೇಲೆ ಎಸೆದಿದ್ದರು. ಕೆಂಡ ಮುಚ್ಚಿದ ಕಡತವನ್ನು ಮತ್ತೆ ತೆರೆಸಿದ್ದು ಆಗ.

ಅವರು ಪೆಟ್ಟಿಗೆಯಲ್ಲಿ ಕೈಯಾಡಿಸಿದರು. ಸ್ವೆಟರು ತೆಗೆದು ಕೊಡವಿದರು. ಮತ್ತೆ ಹುಡುಕಿದರು.

“ಕಪ್ಪು ಕನ್ನಡಕ ಕಾಣ್ತಿಲ್ಲ” ಎಂದರು.

“ಯಾವ ಕಪ್ಪು ಕನ್ನಡಕ?”

“ಕಣ್ಣಾಸ್ಪತ್ರೆಯವರು ಕೊಟ್ಟದ್ದು. ಪೊರೆ ತೆಗೆಸಿದ್ರಲ್ಲ.”

ಕೆಂಡ ಬಾಗಿಲು ಬಿಟ್ಟು ನೆಟ್ಟಗೆ ನಿಂತಳು. ಕಡತದಲ್ಲಿ ಕಣ್ಣಿನ ಸುದ್ದಿಯೇ ಇರಲಿಲ್ಲ. ತನಗಿಂತ ಮೊದಲು ಬಂದವರು ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ. ಆ ಸಿಟ್ಟನ್ನು ನುಂಗಿಕೊಂಡು, ಕೂತು ಎಲ್ಲ ಹೇಳಿ ಎಂದು ಕೇಳಿಕೊಂಡಳು.

ಮೇಷ್ಟ್ರಿಗೆ ಇದ್ದದ್ದೇ ಒಂದು ಕಣ್ಣು. ಇನ್ನೊಂದು ಚಿಕ್ಕಂದಿನಲ್ಲೇ ಚೆಂಡಿನ ಪೆಟ್ಟಿಗೆ ಹೋಗಿತ್ತು. ಇದ್ದ ಕಣ್ಣಿಗೆ ಪೊರೆ ಬಂದು, ಪೇಟೆ ಬೀಳುವುದಕ್ಕೆ ಕೆಲವು ವಾರ ಮೊದಲು ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಕಟ್ಟಿದಾಗ ಅವರಿಗೆ ಜಗತ್ತೇ ಕತ್ತಲು. ಹೆಂಡತಿಯೇ ಪಕ್ಕದಲ್ಲಿ ಕೂತು ತುತ್ತು ಕೊಟ್ಟಿದ್ದರು. ನೀರಿನ ಲೋಟ ಎಲ್ಲಿದೆಯೆಂದು ಅವರು ಗಾಳಿಯಲ್ಲಿ ಕೈಯಾಡಿಸಿ ಹುಡುಕುತ್ತಿದ್ದುದನ್ನು ಹೇಳುತ್ತ ಆಕೆ ಸ್ವೆಟರನ್ನು ಮತ್ತೆ ಮಡಿಸಿಟ್ಟರು. ಯಾವತ್ತು ಎಂದು ಕೆಂಡ ಕೇಳಿದ್ದಕ್ಕೆ, ತಮ್ಮ ಮದುವೆಯ ವಾರ್ಷಿಕೋತ್ಸವದ ಮರುದಿನ, ಮರೆಯುವುದು ಹೇಗೆ ಎಂದು ತಾರೀಖು ಹೇಳಿದರು.

ಬಾಗಿಲ ಬಳಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು.

ಮೇಷ್ಟ್ರ ಕೈಕೆಳಗೆ ಕೆಲಸ ಕಲಿತ ಹುಡುಗಿ ಅಲ್ಲಿ ನಿಂತಿದ್ದಳು. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದರಿಂದ ಹಿಡಿದು ಎಲ್ಲದರಲ್ಲೂ ಗುರುವನ್ನೇ ಹೋಲುತ್ತಿದ್ದುದರಿಂದ ಕಚೇರಿಯವರು ಅವಳನ್ನು ಮರಿಮೇಷ್ಟ್ರು ಎನ್ನುತ್ತಿದ್ದರು.

“ಮುಳ್ಳಿನ ಲೆಕ್ಕ ಬದಲಾದದ್ದು ಅವತ್ತೇ” ಎಂದಳು.

ಕೆಂಡ ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಆ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಪರದೆ ಇತ್ತು. ಅದರಲ್ಲಿ ಅರ್ಧಚಂದ್ರದಂಥ ಒಂದು ಮಾಪಕ: ಎಡಕ್ಕೆ ಹಸಿರು, ನಡುವೆ ಹಳದಿ, ಬಲಕ್ಕೆ ಕೆಂಪು. ಮೇಲೊಂದು ಕಪ್ಪು ಮುಳ್ಳು. ಪೇಟೆ ಕುಸಿಯುವ ಅಪಾಯ ಎಷ್ಟಿದೆ ಎಂದು ತೋರಿಸಲು ಮೇಷ್ಟ್ರು ಕಾಲೇಜಿನ ಗಣಿತದ ಕೆಲಸ ಬಿಟ್ಟು ಬಂದು ಕಟ್ಟಿದ ಯಂತ್ರ ಅದು. ಪೇಟೆ ಬೀಳುವ ಹಿಂದಿನ ಸಂಜೆಯವರೆಗೂ ಆ ಮುಳ್ಳು ಹಸಿರಿನಲ್ಲಿ ಹಾಯಾಗಿ ಮಲಗಿತ್ತು. ಬಸ್ಸು ಚಾಲಕರು, ಕಂಡಕ್ಟರುಗಳು, ವರ್ಕ್‌ಶಾಪಿನವರು ಜೀವಮಾನವಿಡೀ ಕೂಡಿಟ್ಟದ್ದು ಅದನ್ನು ನಂಬಿಕೊಂಡೇ ಮುಳುಗಿಹೋಯಿತು.

ಷೇರಿನ ಗಂಧವೂ ತನಗೆ ಗೊತ್ತಿಲ್ಲ, ಅರ್ಥವಾಗುವ ಹಾಗೆ ಹೇಳು ಎಂದಳು ಕೆಂಡ.

ಮರಿಮೇಷ್ಟ್ರು ಗಂಟಲು ಸರಿಮಾಡಿಕೊಂಡಳು. ಷೇರು ಕೊಳ್ಳುವ, ಮಾರುವ ಹಕ್ಕುಗಳನ್ನೇ ವ್ಯಾಪಾರ ಮಾಡುವ ಆಪ್ಷನ್ ಪೇಟೆಯಲ್ಲಿ ಪುಟ್ ಅಂತ ಒಂದು ಸಿಗುತ್ತದೆ, ಅದು ವಿಮೆ ಇದ್ದ ಹಾಗೆ ಎಂದು ಶುರುಮಾಡಿದಳು. ಷೇರು ಎಷ್ಟೇ ಬೀಳಲಿ, ಮೊದಲೇ ಗೊತ್ತುಮಾಡಿಕೊಂಡ ಬೆಲೆಗೆ ಮಾರುವ ಹಕ್ಕು. ಅದಕ್ಕೆ ಮುಂಗಡವಾಗಿ ಒಂದು ಕಂತು ಕಟ್ಟಬೇಕು. ಜನಕ್ಕೆ ಹೆದರಿಕೆ ಹೆಚ್ಚಾದಷ್ಟೂ ಕಂತು ದುಬಾರಿ. ಈ ವಿಮೆಯಲ್ಲೂ ಎರಡು ಬಗೆ. ಪೇಟೆ ಸ್ವಲ್ಪ ಬಿದ್ದರೂ ಕೈಗೆ ಬರುವಂಥದ್ದು ಒಂದು. ಪೇಟೆಯೇ ಮುಳುಗಿಹೋದರೆ ಮಾತ್ರ ಬರುವಂಥದ್ದು ಇನ್ನೊಂದು. ದೂರದ ಪುಟ್ ಎನ್ನುವ ಈ ಎರಡನೆಯದನ್ನು ಕೇಳುವವರು ಕಡಿಮೆ, ಅದು ಅಗ್ಗ.

“ಮಳೆಗಾಲಕ್ಕೆ ಕೊಡೆ ಎಲ್ಲರೂ ಕೊಳ್ತಾರೆ. ಅದರಲ್ಲೇನೂ ವಿಶೇಷ ಇಲ್ಲ” ಎಂದಳು. “ಆದ್ರೆ ಕೊಡೆ ಬೆಲೆ ಇದ್ದ ಹಾಗೇ ಇದ್ದು, ದೋಣಿ ಬೆಲೆ ದಿನಾ ಏರ್ತಾ ಹೋದ್ರೆ? ಯಾರೋ ಪ್ರವಾಹ ಬರತ್ತೆ ಅಂದ್ಕೊಂಡಿದ್ದಾರೆ ಅಂತ ತಾನೆ? ಮೇಷ್ಟ್ರ ಮುಳ್ಳು ಅಳೀತಿದ್ದದ್ದು ಅದನ್ನೇ. ಕೊಡೆಗೂ ದೋಣಿಗೂ ಇರೋ ಅಂತರ.”

“ಪ್ರವಾಹ ಬಂದೇ ಬರತ್ತೆ ಅಂತ ಹೇಳ್ತಿತ್ತಾ ಅದು?”

“ಇಲ್ಲ. ಇದು ಕಣಿ ಹೇಳಲ್ಲ, ಹೆದರಿಕೆ ಎಷ್ಟಿದೆ ಅಂತ ಅಷ್ಟೇ ಹೇಳತ್ತೆ ಅಂತಿದ್ರು ಮೇಷ್ಟ್ರು. ಎಷ್ಟೋ ಸಲ ಹೆದರಿಕೆ ಸುಳ್ಳಾಗತ್ತೆ. ಆದ್ರೂ ಕೇಳಿಸ್ಕೋಬೇಕು ಅಂತಿದ್ರು.”

ಅವಳು ಕೀಲಿಮಣೆಯ ಮೇಲೆ ಬೆರಳಾಡಿಸಿದಳು. ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಬರೆದಿಟ್ಟುಕೊಂಡಿದ್ದ ಸಾಲೊಂದು ಪರದೆಗೆ ಬಂತು. ಮೇಷ್ಟ್ರ ಹೆಂಡತಿ ಹೇಳಿದ ತಾರೀಖಿನಂದು, ಹಾಡಹಗಲು, ಇದೇ ಕಚೇರಿಯ ಕಂಪ್ಯೂಟರಿನಿಂದ, ಮೇಷ್ಟ್ರದೇ ಪಾಸ್‌ವರ್ಡ್ ಬಳಸಿ, ಯಾರೋ ಲೆಕ್ಕದಿಂದ ದೋಣಿಗಳನ್ನು ತೆಗೆದುಹಾಕಿದ್ದರು. ಅಂದಿನಿಂದ ಮುಳ್ಳು ಬರೀ ಕೊಡೆಗಳನ್ನು ನೋಡುತ್ತಿತ್ತು.

ಮರಿಮೇಷ್ಟ್ರು ಅವನ್ನು ಮತ್ತೆ ಲೆಕ್ಕಕ್ಕೆ ಸೇರಿಸಿ, ಹಿಂದಿನ ವಾರಗಳನ್ನು ಓಡಿಸಿದಳು. ಮುಳ್ಳು ಹಸಿರಿನಿಂದೆದ್ದು ಹಳದಿಯನ್ನು ದಾಟಿ ಕೆಂಪಿಗೆ ಹೋಗಿ ಅಂಟಿಕೊಂಡಿತು. ಪೇಟೆ ಬೀಳುವ ದಿನದವರೆಗೂ ಅಲ್ಲಾಡಲೇ ಇಲ್ಲ.

ಮೇಷ್ಟ್ರ ಹೆಂಡತಿ ಎದ್ದು ಪರದೆಯ ಹತ್ತಿರ ಹೋಗಿ ನಿಂತರು. ಗಂಡ ಕುರುಡನಾಗಿರಲಿಲ್ಲ ಎಂಬುದು ಕಣ್ಣೆದುರಿಗಿತ್ತು. ಅವರು ಅಳಲಿಲ್ಲ.

“ನಾನು ಇದನ್ನ ಆಗಲೇ ನೋಡಿದ್ದೆ, ಅಮ್ಮ” ಎಂದಳು ಹುಡುಗಿ. “ಅವತ್ತು ನಾನು ರಜೆಯಲ್ಲಿದ್ದೆ, ಅವರು ಆಸ್ಪತ್ರೆಯಲ್ಲಿದ್ದದ್ದು ಗೊತ್ತಿರಲಿಲ್ಲ, ಅವರೇ ಬದಲಾಯಿಸಿದ್ದಾರೆ ಅಂದ್ಕೊಂಡೆ. ಅವರೂ ಈ ವಹಿವಾಟಿನೋರ ಜೊತೆ ಸೇರ್ಕೊಂಡ್ರು ಅಂತ ಹೊಟ್ಟೆ ಉರೀತು. ಮಾತಾಡೋದೇ ಬಿಟ್ಟಿದ್ದೆ. ಅವರು ಕೊನೇ ದಿನ ಕರೆದ್ರು. ನಾನು ಹೋಗಲಿಲ್ಲ.”

ಕೆಂಡ ಅವಳಿಗೆ ಮೂಗು ಒರೆಸಿಕೊಳ್ಳುವಷ್ಟು ಸಮಯ ಕೊಟ್ಟು, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿದಳು. ಯಾರೋ ದೋಣಿ ಕೊಳ್ಳುತ್ತಿದ್ದರು ಎಂದ ಮೇಲೆ ಯಾರೋ ಮಾರಿರಲೂಬೇಕು. ಅಷ್ಟು ದೋಣಿ ಮಾರಿದವರು ಯಾರು?

ಹುಡುಗಿ ನೆಲ ನೋಡಿದಳು.

“ನಾವೇ” ಎಂದಳು. “ಈ ನಿಧಿಯೇ.”

ಹುಡುಗಿ ಹೇಳುತ್ತ ಹೋದಂತೆ ಕೆಂಡಳಿಗೆ ಎಲ್ಲ ಬಿಡಿಸಿಕೊಂಡಿತು. ಚಾಲಕರ ಮುಪ್ಪಿನ ಹಣವನ್ನು ಅಡವಿಟ್ಟು, ಪೇಟೆ ಮುಳುಗಿದರೆ ನಿಮ್ಮ ನಷ್ಟ ನಾವು ತುಂಬಿಕೊಡುತ್ತೇವೆಂದು ಇವರು ಊರಿಗೆಲ್ಲ ಮಾತು ಕೊಟ್ಟು ಕಂತು ಎಣಿಸಿಕೊಳ್ಳುತ್ತಿದ್ದರು. ಪೇಟೆ ಮುಳುಗದಿದ್ದಷ್ಟು ದಿನ ಸುಖ. ಮುಳುಗಿತು. ಕೊಟ್ಟ ಮಾತು ಉಳಿಸಿಕೊಳ್ಳಲು ಇದ್ದಬದ್ದ ಷೇರನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿದರು. ಹಾಗೆ ಮಾರಿದ್ದಕ್ಕೇ ಪೇಟೆ ಇನ್ನಷ್ಟು ಕುಸಿಯಿತು. ಮುಳ್ಳು ಹಳದಿಗೆ ಬಂದ ಕೂಡಲೇ ಪುಟ್ ಮಾರುವುದನ್ನು ನಿಲ್ಲಿಸಬೇಕೆಂದು ನಿಧಿಯ ನಿಯಮವೇ ಇತ್ತು. ಆದ್ದರಿಂದ ಮುಳ್ಳು ಹಳದಿಗೆ ಬರಕೂಡದಾಗಿತ್ತು.

ಪುಟ್ ಮಾರುವ ತೀರ್ಮಾನ ಯಾರದು ಎಂದು ಕೆಂಡ ಕೇಳಿದಳು. ಹುಡುಗಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರ ಹೆಂಡತಿ ಪರದೆಯ ಕಡೆಯಿಂದ ತಿರುಗಿದರು.

“ನನ್ನ ತಮ್ಮಂದು” ಎಂದರು.

ಅಷ್ಟರಲ್ಲಿ ಪಕ್ಕದ ಕೋಣೆಯ ಕಿಟಕಿಗೆ ಕಲ್ಲು ಬಿದ್ದು ಗಾಜು ಸುರಿಯಿತು.

ಕೆಂಡ ಕೆಳಗಿಳಿಯುವ ಮುನ್ನ ಎರಡು ಕೆಲಸ ಮಾಡಿದಳು. ಮೇಷ್ಟ್ರ ಹೆಂಡತಿಗೆ ಈ ಕೋಣೆ ಬಿಟ್ಟು ಕದಲಬೇಡಿ ಎಂದಳು. ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟುಗಳ ಮೇಲೆ ಕಣ್ಣಿಡುವ ಅಧಿಕಾರಿಗೆ ಫೋನು ಮಾಡಿ, ಈ ನಿಧಿ ಮಾರಿದ ಪುಟ್‌ಗಳನ್ನು ಅತಿ ಹೆಚ್ಚು ಕೊಂಡವರು ಯಾರೆಂದು ಕೇಳಿದಳು. ಆತ ನಿಯಮ, ಅನುಮತಿ ಎಂದು ರಾಗ ಎಳೆದ. ಇದು ಕೊಲೆ ಕೇಸು, ಅನುಮತಿ ಪತ್ರ ಹೊತ್ತು ನಾನೇ ಬಂದರೆ ನಿಮಗೆ ಚೆನ್ನಾಗಿರುವುದಿಲ್ಲ ಎಂದು ಅವಳು ಹೇಳಿದ ಮೇಲೆ, ಮಧ್ಯಾಹ್ನದೊಳಗೆ ನೋಡುತ್ತೇನೆ ಎಂದ.

ಗೇಟಿನ ಮುಂದೆ ರಸ್ತೆಯೇ ಕಾಣದಷ್ಟು ಜನ. ನಿವೃತ್ತ ಚಾಲಕರು, ಅವರ ಹೆಂಡಿರು, ಕೆಲವರು ಹಳೆಯ ಸಮವಸ್ತ್ರದಲ್ಲೇ ಬಂದಿದ್ದರು. ತಳ್ಳುಗಾಡಿಯೊಂದರ ಮೇಲೆ ನಿಂತು ಸಂಘದ ಅಧ್ಯಕ್ಷರು ಮೈಕಿನಲ್ಲಿ ಮಾತಾಡುತ್ತಿದ್ದರು. ಅವರೂ ಒಂದು ಕಾಲದಲ್ಲಿ ಬಸ್ಸು ಓಡಿಸಿದವರೇ. ಈಗ ನಿಧಿಯ ಆಡಳಿತ ಮಂಡಳಿಯಲ್ಲಿ ಕಾರ್ಮಿಕರ ಪರವಾಗಿ ಕೂರುವ ಏಕೈಕ ಸದಸ್ಯ. ಕಲ್ಲು ಎಸೆದವನನ್ನು ಮೈಕಿನಲ್ಲೇ ಬೈದು, ಸಿಟ್ಟು ಇರಲಿ, ಕಲ್ಲು ಬೇಡ ಎಂದು ಎಲ್ಲರನ್ನೂ ಕೂರಿಸಿದರು. ಕೆಂಡಳನ್ನು ಕಂಡು ಗಾಡಿಯಿಂದ ಇಳಿದು ಬಂದು, ಆ ಮೇಷ್ಟ್ರು ಸತ್ತು ಬಚಾವಾದ, ಬದುಕಿರುವ ಕಳ್ಳರನ್ನಾದರೂ ಹಿಡಿಯಮ್ಮ ಎಂದರು. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ರಕ್ತಕ್ಕಾಗಿ ಊರೆಲ್ಲ ಅಲೆದ ಮನುಷ್ಯ. ಕೆಂಡ ಅವರಿಗೆ ಎದುರಾಡಲಿಲ್ಲ.

ಅವರ ಪಕ್ಕದಲ್ಲೇ, ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಅವಳ ಅಪ್ಪ ನಿಂತಿದ್ದರು.

“ಅಪ್ಪಾ, ಮನೆಗೆ ಹೋಗು” ಎಂದಳು.

“ಹೋಗಿ ಏನ್ ಮಾಡ್ಲಿ? ತಿಂಗಳು ಮುಗಿದ್ರೆ ಬರೋದು ಈಗ ಬರಲ್ಲ. ಮಗಳ ಸಂಬಳದಲ್ಲಿ ಮಾತ್ರೆ ನುಂಗ್ತಾ ಕೂತ್ಕೊಳ್ಲಾ?”

“ಅದ್ರಲ್ಲೇನು ತಪ್ಪು?”

“ನಾನು ಸ್ಟೀರಿಂಗ್ ಹಿಡಿದು ಕೂತ್ರೆ ಹಿಂದೆ ಕೂತೋರು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು. ಒಬ್ಬರ ಮೈಗೂ ಗೀರು ಬೀಳೋಕೆ ಬಿಟ್ಟೋನಲ್ಲ. ನಮ್ಮ ಬಸ್ಸಿನ ಸ್ಟೀರಿಂಗ್ ಹಿಡಿದೋನು ಏನ್ ಮಾಡ್ದ? ಅವನ ಹೆಂಡತಿ ಜೊತೆ ಸೇರ್ಕೊಂಡು ಅವನನ್ನ ಸಾಚಾ ಮಾಡ್ತಿದೀಯಂತೆ ನೀನು. ಜನ ನನ್ನ ಮುಖಕ್ಕೇ ಹೇಳಿದ್ರು.”

ಕೆಂಡಳಿಗೆ ಎಲ್ಲವನ್ನೂ ಅಲ್ಲೇ ಕೂಗಿ ಹೇಳಿಬಿಡಬೇಕೆನ್ನಿಸಿತು. ಹೇಳುವಂತಿರಲಿಲ್ಲ. ಅಪ್ಪ ಮುಖ ತಿರುಗಿಸಿಕೊಂಡು ಅಧ್ಯಕ್ಷರ ಪಕ್ಕಕ್ಕೆ ಹೋಗಿ ನಿಂತರು. ಅವಳು ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಒಳಗಿನ ಉರಿ ಒಂದಿಷ್ಟು ಮೇಲೇರಿತು.

ವಹಿವಾಟಿನ ಕೋಣೆಯಲ್ಲಿ ಮೇಷ್ಟ್ರ ಹೆಂಡತಿಯ ತಮ್ಮ ಒಬ್ಬನೇ ಕೂತಿದ್ದ. ಸಾಲಾಗಿ ಮೇಜುಗಳು, ಒಂದೊಂದರ ಮೇಲೂ ನಾಲ್ಕಾರು ಪರದೆಗಳು, ಎಲ್ಲ ಕುರ್ಚಿ ಖಾಲಿ. ಆಳು ದಷ್ಟಪುಷ್ಟ, ಕತ್ತೇ ಇಲ್ಲದಂಥ ಭುಜ. ಕಚೇರಿಯಲ್ಲಿ ಅವನಿಗೆ ಗೂಳಿ ಎಂಬ ಹೆಸರು ಮೈಕಟ್ಟಿಗೆ ಬಂತೋ, ಪೇಟೆ ಏರುತ್ತದೆಂದು ಸದಾ ನುಗ್ಗುವ ಗುಣಕ್ಕೆ ಬಂತೋ, ಎರಡಕ್ಕೂ ಒಪ್ಪುತ್ತಿತ್ತು. ಕೆಂಡ ಬಂದದ್ದನ್ನು ಕಂಡೂ ಅವನು ಏಳಲಿಲ್ಲ. ಕಿಟಕಿ ಹಾಕುತ್ತೀರಾ, ಆ ಮೈಕಿನ ಸದ್ದು ತಲೆ ಚಿಟ್ಟು ಹಿಡಿಸುತ್ತಿದೆ ಎಂದ.

ಅವಳು ಕಿಟಕಿ ಹಾಕಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು.

“ಪುಟ್ ಮಾರಿದ್ದು ನೀವು.”

“ಎಲ್ಲ ನಿಧಿಗಳೂ ಮಾರತ್ವೆ. ಅಪರಾಧ ಅಲ್ಲ.”

“ಮುಳ್ಳು ಕೆಂಪಿಗೆ ಹೋಗಿದ್ದಾಗ ಮಾರಿದ್ದು?”

“ಮುಳ್ಳು ಹಸಿರಲ್ಲಿತ್ತು. ಇಡೀ ಕಚೇರಿ ನೋಡಿದೆ. ಅದನ್ನ ನೋಡಿಕೊಳ್ಳೋದು ಭಾವನ ಕೆಲಸ, ನಂದಲ್ಲ.”

“ಲೆಕ್ಕ ಬದಲಾಯಿಸಿದ್ದು ನಿಮ್ಮ ಭಾವನೇ ಅಂತೀರಾ?”

“ಅವರದೇ ಪಾಸ್‌ವರ್ಡ್ ತಾನೆ?” ಅವನು ತುಟಿಯಂಚಿನಲ್ಲಿ ನಕ್ಕ. “ಮೇಡಂ, ನಿಮ್ಮಪ್ಪನೂ ಹೊರಗೇ ಇದ್ದಾರಂತಲ್ಲ. ದುಡ್ಡು ಕಳ್ಕೊಂಡೋರ ಮಗಳು ಈ ಕೇಸ್ ನೋಡೋದು ಸರೀನಾ ಅಂತ ನಿಮ್ಮ ಮೇಲಿನೋರನ್ನ ಕೇಳಬೇಕಾಗತ್ತೆ.”

ಕೆಂಡಳ ಮೈಯೆಲ್ಲ ಉರಿದುಹೋಯಿತು. ಕೈ ಎತ್ತಲಿಲ್ಲ. ಎತ್ತದಿರಲು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಕೇಳಿ. ಅದಕ್ಕೆ ಮುಂಚೆ ಇದಕ್ಕೆ ಉತ್ತರ ಹೇಳಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆ ಮಂಚದ ಮೇಲೆ ಮಲಗಿದ್ದ ಮನುಷ್ಯ ಈ ಕಚೇರಿಯ ಕಂಪ್ಯೂಟರ್ ಮುಂದೆ ಹೇಗೆ ಕೂತ?”

ಗೂಳಿಯ ನಗು ಇದ್ದಲ್ಲೇ ಆರಿತು. ಆದರೂ ಸೋಲಲಿಲ್ಲ. ಪಾಸ್‌ವರ್ಡ್ ಯಾರಿಗೆ ಬೇಕಾದರೂ ಸಿಕ್ಕಿರಬಹುದು, ಭಾವ ಎಲ್ಲಾದರೂ ಬರೆದಿಟ್ಟಿರಬಹುದು, ಆ ಮರಿಮೇಷ್ಟ್ರನ್ನು ಕೇಳಿ ಎಂದು ಒಂದರ ಹಿಂದೆ ಒಂದು ಹೇಳತೊಡಗಿದ.

“ಅವರು ಎಲ್ಲೂ ಬರೆದಿಡಲಿಲ್ಲ.”

ಬಾಗಿಲಲ್ಲಿ ಅವನ ಅಕ್ಕ ನಿಂತಿದ್ದರು. ಕದಲಬೇಡಿ ಎಂದ ಮಾತಿಗೆ ಅವರು ಬೆಲೆ ಕೊಟ್ಟಿರಲಿಲ್ಲ. ಕೆಂಡ ಏಳಹೋದವಳು ಅವರ ಮುಖ ನೋಡಿ ಸುಮ್ಮನಾದಳು.

“ನೀನು ಅವತ್ತು ಬೆಳಗ್ಗೆ ಆಸ್ಪತ್ರೆಗೆ ಬಂದೆ” ಎಂದರು ಅವರು. ದನಿ ಏರಿರಲಿಲ್ಲ. “ಅವರು ನಿನ್ನ ಕೈ ಹಿಡ್ಕೊಂಡು, ಮುಳ್ಳು ಹಳದಿ ಹತ್ರ ಬಂದಿತ್ತು ಕಣೋ, ನಂಗೆ ನಿದ್ದೆ ಬರ್ತಿಲ್ಲ, ನೀನೇ ಒಳಗೆ ಹೋಗಿ ನೋಡಿ ಫೋನ್ ಮಾಡು ಅಂದ್ರು. ಪಾಸ್‌ವರ್ಡ್ ಕಿವಿಯಲ್ಲಿ ಹೇಳಿದ್ರು. ನಾನು ಕಿತ್ತಳೆ ಬಿಡಿಸ್ತಾ ಅಲ್ಲೇ ಕೂತಿದ್ದೆ. ನೀನು ಫೋನ್ ಮಾಡಿ ಏನಂದೆ?”

ಗೂಳಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

“ಹೇಳೋ. ಏನಂದೆ?”

“ಹಸಿರಲ್ಲಿದೆ ಅಂದೆ.”

“ಹಸಿರಲ್ಲಿದೆ, ಭಾವ, ಆರಾಮಾಗಿ ಮಲಗಿ ಅಂದೆ. ಅವರು ಪಟ್ಟಿ ಕಟ್ಟಿದ ಮುಖದಲ್ಲೇ ನಕ್ರು. ನಿನ್ನ ತಮ್ಮ ಇರೋದಕ್ಕೆ ನಂಗೆ ಧೈರ್ಯ ಅಂದ್ರು. ನಿನ್ನನ್ನ ಓದಿಸಿದೋರು ಅವರು. ಈ ಕೆಲಸಕ್ಕೆ ಕೈ ಹಿಡಿದು ಕರ್ಕೊಂಡು ಬಂದೋರು ಅವರು. ಅವರ ಹೆಣ ಹೊತ್ತಾಗ ಎಲ್ಲರಿಗಿಂತ ಜೋರಾಗಿ ಅತ್ತೋನು ನೀನು.”

ಮುಂದಿನದನ್ನು ಕೆಂಡ ತಡೆಯಬಹುದಿತ್ತು, ತಡೆಯಲಿಲ್ಲ. ಅಕ್ಕ ನಡೆದು ಬಂದು ತಮ್ಮನ ಕೆನ್ನೆಗೆ ಬಾರಿಸಿದ ಸದ್ದು ಖಾಲಿ ಕೋಣೆಯ ತುಂಬ ಕೇಳಿಸಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಅಷ್ಟು ದೊಡ್ಡ ದೇಹ ಕುರ್ಚಿಯಲ್ಲಿ ಕುಗ್ಗಿ ಅಳಲು ಶುರುಮಾಡಿತು.

ಆಮೇಲೆ ಹೇಳಿದ. ದೋಣಿಗಳನ್ನು ಲೆಕ್ಕದಿಂದ ತೆಗೆದದ್ದು ತಾನೇ. ಮುಳ್ಳು ಹಳದಿಗೆ ಬಂದು ಮಾರಾಟ ನಿಂತರೆ ಆ ವರ್ಷದ ಬೋನಸ್ಸೂ ಹೋಗುತ್ತಿತ್ತು, ಹೆಸರೂ ಹೋಗುತ್ತಿತ್ತು. ಕೆಲವು ವಾರ ಸುಮ್ಮನಿದ್ದರೆ ಪೇಟೆ ತಾನಾಗಿ ಸರಿಹೋಗುತ್ತದೆ, ಆಗ ಮತ್ತೆ ಸೇರಿಸಿದರಾಯಿತು ಎಂದುಕೊಂಡಿದ್ದ. ಆದರೆ ಇದು ತನ್ನೊಬ್ಬನ ಬುದ್ಧಿಯಲ್ಲ ಎಂದ. ದೂರದ ಪುಟ್‌ಗಳ ವಹಿವಾಟು ಎಲ್ಲೋ ಅಷ್ಟಿಷ್ಟು, ಅವನ್ನು ಲೆಕ್ಕಕ್ಕೆ ಹಿಡಿಯುವುದೇ ತಪ್ಪು, ಕಿತ್ತುಹಾಕು, ಮಂಡಳಿಯಲ್ಲಿ ಯಾರೂ ಕೇಳದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಒಬ್ಬರು ಧೈರ್ಯ ತುಂಬಿದ್ದರು. ಪೇಟೆ ಬಿದ್ದ ಸಂಜೆ ಮುಳ್ಳಿನ ಲೆಕ್ಕ ತಿದ್ದಿದ್ದನ್ನು ಭಾವ ಕಂಡುಹಿಡಿದು ತನ್ನ ಕೊರಳಪಟ್ಟಿ ಹಿಡಿದಾಗ, ಆ ಹೆಸರನ್ನು ತಾನು ಹೇಳಿಬಿಟ್ಟೆ ಎಂದ. ಭಾವ ಕೂಡಲೇ ಅವರಿಗೆ ಫೋನು ಮಾಡಿದರು. ತುರ್ತು ಮೆಟ್ಟಿಲ ಹತ್ತಿರ ಬನ್ನಿ, ಮಾತಾಡೋಣ ಎಂದು ಆ ಕಡೆಯವರು ಹೇಳಿದ್ದು ತನಗೂ ಕೇಳಿಸಿತು.

“ಯಾರು?” ಎಂದಳು ಕೆಂಡ.

ಗೂಳಿ ಆಗದೆಂದು ತಲೆಯಾಡಿಸಿದ.

“ಹೆಸರು ಹೇಳು.”

“ನ್ಯಾಯಾಧೀಶರ ಮುಂದೆ ಹೇಳ್ತೀನಿ. ಇಲ್ಲಿ ಹೇಳಿದ್ರೆ ಈ ಕಟ್ಟಡದಿಂದ ಜೀವಂತ ಹೊರಗೆ ಹೋಗಲ್ಲ ನಾನು. ನನ್ನ ಮಾತು ಬಿಟ್ರೆ ಅವರ ವಿರುದ್ಧ ನಿಮ್ಮ ಹತ್ರ ಏನೂ ಇಲ್ಲ. ಅದು ಅವರಿಗೂ ಗೊತ್ತು.”

ಕೆಂಡ ಬೆದರಿಸಿದಳು, ಬಯ್ದಳು, ಮೇಜು ಗುದ್ದಿದಳು. ಅವನು ಬಾಯಿಗೆ ಬೀಗ ಹಾಕಿಕೊಂಡ. ಕೊನೆಗೆ ಅವಳು ಬಾಗಿಲಲ್ಲಿದ್ದ ಹಿರಿಯ ಹೆಡ್ ಕಾನ್‌ಸ್ಟೇಬಲ್ಲನ್ನು ಕರೆದು ಬೇಡಿ ಹಾಕಿಸಿದಳು. ಇಡೀ ಠಾಣೆ ಮಾವ ಎಂದು ಕರೆಯುವ, ಯಾವುದಕ್ಕೂ ಅವಸರ ಮಾಡದ ಮನುಷ್ಯ ಅವರು. ಹಿಂದಿನ ಗೇಟಿಗೆ ಜೀಪು ತರಿಸಿದ್ದೇನೆ, ಅಲ್ಲಿಂದಲೇ ಕರೆದೊಯ್ಯೋಣ, ಮುಂದೆ ಜನ ಕೆರಳಿದ್ದಾರೆ ಎಂದರು.

ಅಪ್ಪನ ಮುಖ ಕೆಂಡಳ ಕಣ್ಣ ಮುಂದೆ ಬಂತು. ಆ ಬಿಸಿಲು, ಆ ಟವೆಲ್, ಮುಖ ತಿರುಗಿಸಿಕೊಂಡ ರೀತಿ.

“ಮುಂದಿನ ಬಾಗಿಲಿಂದಲೇ ಹೋಗ್ಲಿ, ಮಾವ. ಯಾರ ದುಡ್ಡು ತಿಂದನೋ ಅವರು ಇವನ ಮುಖ ನೋಡ್ಲಿ. ಸತ್ತೋರ ತಲೆಗೆ ಕಟ್ಟಿದ ತಪ್ಪನ್ನ ಇಳಿಸ್ಲಿ.”

ಗೂಳಿ ತಟ್ಟನೆ ತಲೆಯೆತ್ತಿದ. ಮುಂದೆ ಬೇಡ, ದಮ್ಮಯ್ಯ, ಮುಂದೆ ಮಾತ್ರ ಬೇಡ ಎಂದು ಬೇಡಿಕೊಂಡ. ಕುರ್ಚಿಯ ಕಾಲಿಗೆ ಕಾಲು ಸಿಕ್ಕಿಸಿಕೊಂಡು ಕೂತ. ಈಗ ನಾಚಿಕೆಯಾಗುತ್ತಿದೆಯೇ ಎಂದಳು ಕೆಂಡ. ಜೀಪು ಮುಂದಕ್ಕೆ ಬರಲಿ ಎಂದು ತಾನೇ ವೈರ್‌ಲೆಸ್ಸಿನಲ್ಲಿ ಹೇಳಿದಳು. ಮಾವ ಅವಳನ್ನು ಒಮ್ಮೆ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದರು, ಬೇಡವೆಂದು ಮುಚ್ಚಿಕೊಂಡು, ಇನ್ನಿಬ್ಬರು ಪೇದೆಗಳ ಜೊತೆ ಅವನನ್ನು ಎಳೆದುಕೊಂಡು ಹೋದರು.

ಕೋಣೆ ಖಾಲಿಯಾಯಿತು. ಮೇಷ್ಟ್ರ ಹೆಂಡತಿ ತಮ್ಮನ ಕುರ್ಚಿಯಲ್ಲಿ ಕೂತು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಹೊಡೆದ ಕೈ ಇನ್ನೂ ಕೆಂಪಗಿತ್ತು. ಅವನನ್ನು ಸಣ್ಣವನಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು ಎಂದರು. ಕೆಂಡ ಪಕ್ಕದಲ್ಲಿ ನಿಂತು ಅವರ ಹೆಗಲ ಮೇಲೆ ಕೈಯಿಟ್ಟಳು.

ಆಗ ಫೋನು ಬಂತು. ವಿನಿಮಯ ಕೇಂದ್ರದ ಅಧಿಕಾರಿ. ಈ ಸಲ ಅವನ ದನಿಯಲ್ಲಿ ರಾಗವಿರಲಿಲ್ಲ. ನಿಧಿ ಮಾರಿದ ದೂರದ ಪುಟ್‌ಗಳಲ್ಲಿ ಬಹುಪಾಲನ್ನು ಒಂದೇ ಖಾತೆ ಕೊಂಡಿದೆ ಎಂದ. ಸ್ವಲ್ಪಸ್ವಲ್ಪವೇ, ಯಾರ ಕಣ್ಣಿಗೂ ಬೀಳದ ಹಾಗೆ. ಬೆಲೆ ಏರಿದರೂ ನಿಲ್ಲಿಸದೆ. ದೋಣಿಯ ಬೆಲೆ ಏರಿಸಿ ಮೇಷ್ಟ್ರ ಮುಳ್ಳನ್ನು ಕೆಂಪಿಗೆ ತಳ್ಳಿದ್ದೇ ಆ ಒಂದು ಖಾತೆ. ಪೇಟೆ ಬಿದ್ದ ದಿನ ನಿಧಿ ಕಳೆದುಕೊಂಡದ್ದರಲ್ಲಿ ಹೆಚ್ಚಿನದು ನೇರವಾಗಿ ಅಲ್ಲಿಗೆ ಹೋಗಿ ಬಿದ್ದಿದೆ.

“ಖಾತೆ ಯಾರದು?”

“ಒಬ್ಬ ಹೆಂಗಸಿನ ಹೆಸರಲ್ಲಿದೆ. ಮನೆ ನೋಡ್ಕೊಂಡಿರೋರು, ಬೇರೆ ಉದ್ಯೋಗ ಇಲ್ಲ. ವಹಿವಾಟೆಲ್ಲ ಅವರ ಗಂಡನ ಫೋನಿಂದಲೇ ನಡೆದಿದೆ.”

“ಗಂಡ ಯಾರು?”

ಅಧಿಕಾರಿ ದನಿ ತಗ್ಗಿಸಿದ.

“ಮೇಡಂ, ನೀವು ಈಗ ಆ ನಿಧಿಯ ಕಚೇರಿಯಲ್ಲೇ ಇದ್ದೀರಾ? ಹಾಗಾದ್ರೆ ಕಿಟಕಿಯಿಂದ ನೋಡಿದ್ರೆ ಕಾಣಿಸ್ತಾರೆ. ಬೆಳಗ್ಗೆಯಿಂದ ಟೀವೀಲೂ ಅವರನ್ನೇ ತೋರಿಸ್ತಿದ್ದಾರೆ.”

ಕೆಂಡ ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಕಿಟಕಿಗೆ ಧಾವಿಸಿದಳು. ಬೆಳಗಿನಿಂದ ನಿಲ್ಲದೆ ಮೊರೆಯುತ್ತಿದ್ದ ಮೈಕು ಈಗ ಸುಮ್ಮನಿತ್ತು. ಯಾವಾಗ ಸುಮ್ಮನಾಯಿತೋ ಅವಳಿಗೆ ಗೊತ್ತಾಗಿರಲಿಲ್ಲ.

ತಳ್ಳುಗಾಡಿಯ ಮೇಲೆ ಯಾರೂ ಇರಲಿಲ್ಲ. ಗೇಟು ತೆರೆದಿತ್ತು. ಜೀಪಿನ ಬಾಗಿಲು ತೆರೆದಿತ್ತು. ಮಾವ ಮತ್ತು ಇಬ್ಬರು ಪೇದೆಗಳು ಗೂಳಿಯನ್ನು ನಡುವೆ ಇಟ್ಟುಕೊಂಡು ಜನರ ನೂಕಿಗೆ ಆ ಕಡೆ ಈ ಕಡೆ ವಾಲುತ್ತಿದ್ದರು. ಜನರ ಮಧ್ಯದಿಂದ ಅಧ್ಯಕ್ಷರು ಜೀಪಿನ ಕಡೆಗೆ ಬರುತ್ತಿದ್ದರು, ಅವಸರವಿಲ್ಲದೆ, ಬಲಗೈಯನ್ನು ಜುಬ್ಬದ ಕಿಸೆಯೊಳಗೆ ಇಟ್ಟುಕೊಂಡು.

ಅವಳು ಕೂಗಿದಳು. ಅಷ್ಟು ಜನರ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅಧ್ಯಕ್ಷರ ಮುಂದೆ ಮುಂದೆ ಟವೆಲ್ ಹೊದ್ದ ಒಂದು ತಲೆ ಬರುತ್ತಿತ್ತು. ಅವಳ ಅಪ್ಪ ಎರಡೂ ಕೈ ಚಾಚಿ, ಸರೀರಿ, ಸರೀರಿ ಎಂದು ಜನರನ್ನು ಪಕ್ಕಕ್ಕೆ ತಳ್ಳುತ್ತ, ಅವರಿಗೆ ದಾರಿ ಮಾಡಿಕೊಡುತ್ತಿದ್ದರು.